ದರ್ಜಿ ಕೋಟು ಬಿಚ್ಚಿದ್ದೇಕೆ?

ಇಪ್ಪತ್ತಕ್ಕೆ ಇಪ್ಪತ್ತೂ ಪತ್ರಿಕೆ ಮತ್ತೆ ನೋಡುವಷ್ಟು ದೊಡ್ಡ ತಪ್ಪು ನಾನೇನು ಮಾಡಿದೆ? ಅಥವಾ... ನಿಜಕ್ಕೂ ನನಗೆ ಉತ್ತರಪತ್ರಿಕೆ ತಿದ್ದಲು ಬರುವುದಿಲ್ಲವೇ?

ಮುಂದಿದ್ದ ಕಟ್ಟನ್ನು ಅವಳು ಬಿಚ್ಚಲೇ ಇಲ್ಲ.

ಶಾಲೆಯ ದೊಡ್ಡ ಹಾಲ್‌ನಲ್ಲಿ ಮೌಲ್ಯಮಾಪನ ಶುರುವಾಗಿ ಆರು ದಿನ. ಟೀಚರುಗಳು ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. ಮೇಜಿನ ಮುಖ್ಯಸ್ಥ ಪ್ರತಿ ಕಟ್ಟಿನಿಂದ ಎರಡೇ ಪತ್ರಿಕೆ ತೆಗೆದು, ಮತ್ತೊಮ್ಮೆ ನೋಡಿ, ಹಸಿರು ಶಾಯಿಯಲ್ಲಿ ಸಹಿ ಹಾಕಬೇಕು. ಅದು ನಿಯಮ. ಆದರೆ ಅವಳ ಕಟ್ಟಿನ ಇಪ್ಪತ್ತೂ ಪತ್ರಿಕೆಗಳ ಮೇಲೆ ಹಸಿರು ಸಹಿ!

"ಏನೇ, ಪೆನ್ನಿಗೆ ನಿದ್ದೆ ಬಂತಾ?" ಪಕ್ಕದ ಹಿರಿಯ ಟೀಚರ್ ಕೇಳಿದರು. ಹಾಲ್‌ಗೆಲ್ಲ ಅವರು ದೊಡ್ಡಮ್ಮ.

"ದೊಡ್ಡಮ್ಮ, ನಿಮ್ಮ ಕಟ್ಟಲ್ಲಿ ಸರ್ ಎಷ್ಟು ನೋಡ್ತಾರೆ?"

"ಎರಡು. ಅದೂ ಆಕಳಿಸ್ತಾ."

"ನಂದು ಪೂರ್ತಿ ನೋಡ್ತಾರೆ. ಮೊಸರಲ್ಲಿ ಕಲ್ಲು ಹುಡುಕೋ ಹಾಗೆ."

"ಸಿಕ್ತಾ ಕಲ್ಲು?"

ಇಲ್ಲ. ಒಂದು ಅಂಕವೂ ಬದಲಾಗಿರಲಿಲ್ಲ. ಮೊದಲ ದಿನ ಮೆಲ್ಲಗೆ "ಚೆನ್ನಾಗಿ ತಿದ್ದಿದ್ದೀರಿ" ಎಂದಿದ್ದ ಮನುಷ್ಯ... ಬೇರೆ ಯಾರ ಮುಂದಾದರೂ ದಡ್ಡಿ ಎನಿಸಿಕೊಂಡಾಳು, ಅವನ ಮುಂದೆ ಮಾತ್ರ ಬೇಡ. ಬೇರೆ ಮೇಜಿಗೆ ಹಾಕಿ ಎಂಬ ಅರ್ಜಿ ಅವಳ ಪರ್ಸಿನಲ್ಲಿತ್ತು.

"ಮೇಡಂ, ಸ್ವಲ್ಪ ಬರ್ತೀರಾ?" ಮುಖ್ಯಸ್ಥ ಕರೆದ.

ಅವನ ಮುಂದೆ ಅವಳೇ ತಿದ್ದಿದ ಪತ್ರಿಕೆ ತೆರೆದಿತ್ತು. ಪ್ರಶ್ನೆ ಹನ್ನೊಂದು: ಪಾಠದ ಕಥೆಯ ದರ್ಜಿ ಆ ಹೆಂಗಸಿನ ಕೋಟನ್ನು ಮೂರು ಸಲ ಬಿಚ್ಚಿ ಹೊಲಿದದ್ದೇಕೆ?

ಅಚ್ಚಾಗಿ ಬಂದಿದ್ದ ಮಾದರಿ ಉತ್ತರದ ಪ್ರಕಾರ, ಅವನು ಕೆಲಸದಲ್ಲಿ ಕಟ್ಟುನಿಟ್ಟು, ಕುಂದು ಸಹಿಸಲಾರ. ವಿದ್ಯಾರ್ಥಿ ಬರೆದದ್ದೇ ಬೇರೆ: 'ಕೋಟು ಮೊದಲ ಸಲವೇ ಸರಿಯಾಗಿತ್ತು. ಕೊಟ್ಟುಬಿಟ್ಟರೆ ಅವಳು ಮತ್ತೆ ಬರುವುದಿಲ್ಲ. ಇದು ಅವನಿಗೇ ಗೊತ್ತಿರಲಿಲ್ಲ.'

ಅದಕ್ಕೆ ಅವಳು ನಾಲ್ಕಕ್ಕೆ ನಾಲ್ಕು ಕೊಟ್ಟಿದ್ದಳು. ಪಕ್ಕದಲ್ಲಿ ಈಗ ಹಸಿರು ಪ್ರಶ್ನೆಗುರುತು.

"ಮಾದರಿ ಉತ್ತರದಲ್ಲಿ ಇದಿಲ್ಲ," ಎಂದ.

"ಕಥೆಯಲ್ಲಿದೆ ಸರ್. ಹೊಲಿಗೆ ಬಿಚ್ಚುವಾಗ ಅವನು ಕೋಟು ನೋಡಲ್ಲ, ಬಾಗಿಲು ನೋಡ್ತಿರ್ತಾನೆ. ಕುಂದು ಹುಡುಕೋನು ಬಾಗಿಲು ಯಾಕೆ ನೋಡ್ಬೇಕು?"

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಅವಳಿಗೆ ಇನ್ನು ತಡೆಯಲಾಗಲಿಲ್ಲ. ಅರ್ಜಿ ತೆಗೆದು ಮೇಜಿನ ಮೇಲಿಟ್ಟಳು.

"ನನ್ನ ಮೇಲೆ ನಂಬಿಕೆ ಇಲ್ಲ ಅಂದ್ರೆ ನೇರ ಹೇಳಿಬಿಡಿ. ನಾಳೆಯಿಂದ ಬೇರೆ ಮೇಜಿಗೆ ಹೋಗ್ತೀನಿ."

ಅವನ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಹಾಗಲ್ಲ... ನೀವು ಅಂಚಲ್ಲಿ ಬರೀತೀರಲ್ಲ, 'ಇಲ್ಲೇ ಯಾಕೆ ನಿಂತೆ ಮಗು, ಇನ್ನೊಂದು ಸಾಲು ಬರೀಬೇಕಿತ್ತು' ಅಂತ? ಆ ಮಕ್ಕಳಿಗೆ ಈ ಪತ್ರಿಕೆಗಳು ವಾಪಸ್ ಹೋಗಲ್ಲ. ಯಾರಾದ್ರೂ ಒಬ್ರು ಓದ್ಬೇಕು ಅನ್ನಿಸ್ತು. ಕೆಲಸದ ಮೇಲಿನ ಶ್ರದ್ಧೆ ಅಂತಲೇ ಅಂದ್ಕೊಂಡಿದ್ದೆ. ಇವತ್ತು ಬೆಳಿಗ್ಗೆ ಈ ಉತ್ತರ ಓದಿದೆ ನೋಡಿ..."

ಅವಳಿಗೆ ಕಿವಿಯೆಲ್ಲ ಬಿಸಿಯಾಯಿತು. ಅಂಚಿನ ಆ ಸಾಲುಗಳನ್ನು ಯಾರೂ ಓದುವುದಿಲ್ಲವೆಂದೇ ಇಷ್ಟು ವರ್ಷ ಬರೆದಿದ್ದಳು.

"ಮತ್ತೆ ಈ ಪ್ರಶ್ನೆಗುರುತು?"

"ನಿಮ್ಮನ್ನ ಕರೆಯೋಕೆ ಒಂದು ನೆಪ ಬೇಕಿತ್ತು."

ಹಿಂದಿನಿಂದ ದೊಡ್ಡಮ್ಮ ಕೆಮ್ಮಿದರು. "ನಾಲ್ಕಕ್ಕೆ ನಾಲ್ಕು ಕೊಟ್ಟು ಮುಗಿಸ್ರಪ್ಪ, ಚಹಾ ಆರ್ತಿದೆ."

ಅವಳು ಅರ್ಜಿಯನ್ನು ಮಡಚಿ ಹರಿದಳು. ಎದೆಯೊಳಗೆ ಹಾಲು ಕುಡಿದಷ್ಟು ತಂಪು.

"ಇನ್ನೆರಡು ದಿನಕ್ಕೆ ಪತ್ರಿಕೆ ಮುಗಿಯುತ್ತೆ. ಆಮೇಲೆ ಏನು ಓದ್ತೀರಿ?"

"ಅದೇ ಚಿಂತೆ."

"ಭಾನುವಾರ ಮನೆಗೆ ಬನ್ನಿ. ಅಪ್ಪ ಇರ್ತಾರೆ."

"ಅವರು ಯಾಕೆ ಬಂದೆ ಅಂತ ಕೇಳಿದ್ರೆ?"

"ಮಾದರಿ ಉತ್ತರ ಒಂದು ಹೇಳ್ಬೇಡಿ, ಸಾಕು."

ಅವನು ನಗುತ್ತ ಪ್ರಶ್ನೆಗುರುತನ್ನು ಹೊಡೆದುಹಾಕಿ, ನಾಲ್ಕರ ಪಕ್ಕ ಹಸಿರು ಸಹಿ ಹಾಕಿದ.

ಮುಂದೆ ಮದುವೆಯಾಗಿ ಎಷ್ಟೋ ಕಥೆಗಳನ್ನು ಅವರು ಒಟ್ಟಿಗೆ ಓದಿದರು. ಆ ಮಾದರಿ ಉತ್ತರ ಬರೆದವನು ತಾನೇ ಎಂಬುದನ್ನು ಮಾತ್ರ ಅವನು ಅವಳಿಗೆ ಎಂದೂ ಹೇಳಲಿಲ್ಲ.