ಹನ್ನೊಂದು ನಿಮಿಷದ ಕುರ್ಚಿ

ಮಣಿಯನ್ನು ಕಿವಿಯ ಹಿಂದೆ ಒತ್ತಿಕೊಂಡ ಅರ್ಧ ನಿಮಿಷಕ್ಕೇ ಪ್ರೊಫೆಸರ್ ನಾಗಭೂಷಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂವತ್ತು ವರ್ಷ ಮ್ಯಾನೇಜ್‌ಮೆಂಟ್ ಪಾಠ ಹೇಳಿ ಗಟ್ಟಿಯಾದ ಮನುಷ್ಯ. ಯಾರ ಕಣ್ಣೀರಿಗೂ ಸುಲಭಕ್ಕೆ ಕರಗುವ ಪೈಕಿಯಲ್ಲ. ಮೂರು ನಿಮಿಷ ಮುಗಿದು ಮಣಿ ತಣ್ಣಗಾದ ಮೇಲೂ ಅವರು ಕಿಟಕಿಯ ಕಡೆ ನೋಡುತ್ತಲೇ ಕೂತಿದ್ದರು.

"ಯಾರಮ್ಮ ಇದು?" ಎಂದರು ಕೊನೆಗೆ.

"ನಂಬರ್ ನಾಲ್ಕು ಸಾವಿರದ ನೂರ ಹದಿನೇಳು, ಸರ್. ದಾವಣಗೆರೆ ಕೇಂದ್ರ. ಇನಾಯಾ ಅಂತ ಹೆಸರು, ಇಪ್ಪತ್ಮೂರು ವರ್ಷ," ಎಂದಳು ಡಾ. ವಾರಿಜಾ.

"ಇಪ್ಪತ್ಮೂರಕ್ಕೇ ಇಷ್ಟೊಂದು ಹಂಬಲ ಎಲ್ಲಿಂದ ಬಂತು?"

ಅದು ಎರಡು ಸಾವಿರದ ಐವತ್ತೆಂಟರ ಬೇಸಿಗೆ. ಮೈಸೂರಿನ ಹೊರವಲಯದ ಆ ಬಿಸಿನೆಸ್ ಕಾಲೇಜಿನಲ್ಲಿ ಹಂಬಲಮಣಿ ಬಂದು ಆರನೆಯ ವರ್ಷ. ಅದಕ್ಕೂ ಮೊದಲು 'ನೀವು ಇಲ್ಲಿಗೆ ಏಕೆ ಬರಬಯಸುತ್ತೀರಿ?' ಎಂದು ಅಭ್ಯರ್ಥಿಗಳಿಂದ ಪ್ರಬಂಧ ಬರೆಸುತ್ತಿದ್ದರು. ಪ್ರಬಂಧ ಬರೆಯುವುದನ್ನು ಯಂತ್ರಗಳು ಕಲಿತ ಮೇಲೆ ಏನಾಗಬೇಕೋ ಅದೇ ಆಯಿತು. ಎಂಟು ಸಾವಿರ ಅರ್ಜಿಗಳಲ್ಲಿ ಎಂಟು ಸಾವಿರ ಅಜ್ಜಂದಿರು ಪುಟ್ಟ ಅಂಗಡಿ ಇಟ್ಟಿದ್ದರು. ಎಂಟು ಸಾವಿರ ಸೋಲುಗಳು ದೊಡ್ಡ ಪಾಠ ಕಲಿಸಿದ್ದವು. ಓದಿ ಓದಿ ತಲೆ ಚಿಟ್ಟು ಹಿಡಿದ ಆಯ್ಕೆ ಸಮಿತಿ ಕೊನೆಗೆ ನರವಿಜ್ಞಾನಿ ವಾರಿಜಾಳ ಮೊರೆಹೋಯಿತು.

ಅವಳು ಮಾಡಿದ್ದು ಕೇಳಲು ಸರಳ. ಏನನ್ನಾದರೂ ಒಳಗಿನಿಂದ ಬಯಸುವಾಗ ಮಿದುಳಿನ ನರಕೋಶಗಳು, ಉಸಿರು, ಎದೆಬಡಿತ ಎಲ್ಲ ಸೇರಿ ಒಂದು ಲಯಕ್ಕೆ ಬರುತ್ತವೆ. ಅಭ್ಯರ್ಥಿ ತನ್ನೂರಿನ ಹತ್ತಿರದ ಕೇಂದ್ರದಲ್ಲಿ ಹನ್ನೊಂದು ನಿಮಿಷ ಒಂದು ಕುರ್ಚಿಯಲ್ಲಿ ಕೂರಬೇಕು. ತಲೆಗೆ ತೆಳುವಾದ ಜಾಲರಿ, ಕಿವಿಯಲ್ಲಿ ಒಂದೇ ಪ್ರಶ್ನೆ: 'ನಿನಗೆ ಏನು ಬೇಕು? ಯಾಕೆ ಬೇಕು?' ಆಗ ಮೂಡುವ ಲಯವನ್ನು ಜಾಲರಿ ಹಿಡಿದು ಕಡಲೆಕಾಳಿನಷ್ಟು ಹರಳಿನಲ್ಲಿ ಕೂಡಿಡುತ್ತದೆ. ಅದೇ ಹಂಬಲಮಣಿ. ಅದನ್ನು ಕಿವಿಯ ಹಿಂದೆ ಒತ್ತಿಕೊಂಡವರಿಗೆ ಮೂರು ನಿಮಿಷ ಅದರ ಮಂದವಾದ ನಕಲು ಸಿಗುತ್ತದೆ. ಚಿತ್ರವಿಲ್ಲ, ಮಾತಿಲ್ಲ, ಇನ್ನೊಬ್ಬರ ಎದೆಯ ಎಳೆತವೊಂದೇ.

ಆರು ವರ್ಷದಲ್ಲಿ ಸಾವಿರಾರು ಜನರ ಹಂಬಲ ಹೊತ್ತು ವಾರಿಜಾ ದಣಿದಿದ್ದಳು. ಎಷ್ಟೋ ದಿನ ಮನೆಗೆ ಹೋದ ಮೇಲೆ ತನಗೆ ಊಟಕ್ಕೆ ಏನು ಬೇಕೆಂಬುದೂ ಹೊಳೆಯುತ್ತಿರಲಿಲ್ಲ. ಆದರೆ ಈ ಮಣಿಯನ್ನು ಅವಳು ಎರಡು ಸಲ ಒತ್ತಿಕೊಂಡಳು. ಮುಚ್ಚಿದ ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ಯಾರಾದರೂ ತೆಗೆದಾರೆಂದು ಬಹಳ ಕಾಲ ನಿಂತ ಹಾಗಿತ್ತು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಕಾಯುವುದು ಅಭ್ಯಾಸವಾಗಿಹೋಗಿತ್ತು, ಅಷ್ಟೇ. ಅದನ್ನು ಅವಳಿಗೆ ತಡೆಯಲಾಗಲಿಲ್ಲ. ಸಮಿತಿಯ ಮೂವರೂ ಪೂರ್ತಿ ಅಂಕ ಕೊಟ್ಟರು.

ಸಂದರ್ಶನಕ್ಕೆ ಬಂದ ಇನಾಯಾ ಚುರುಕು ಹುಡುಗಿ. ಕೇಳಿದ್ದಕ್ಕೆಲ್ಲ ನಗುನಗುತ್ತಾ, ಒಂದೂ ತಪ್ಪಿಲ್ಲದೆ ಉತ್ತರ ಹೇಳಿದಳು. ವಾರಿಜಾಗೆ ಇರಿಸುಮುರಿಸಾಯಿತು. ಮಣಿಯಲ್ಲಿದ್ದ ಆ ಕಾಯುವಿಕೆ ಈ ಮುಖದಲ್ಲಿ ಎಲ್ಲೂ ಇರಲಿಲ್ಲ. ಅನುಮಾನ ಬಂದು, ಅಲ್ಲೇ ಮತ್ತೊಮ್ಮೆ ಕುರ್ಚಿಯಲ್ಲಿ ಕೂರಿಸಿದಳು. ಹೊಸ ಮಣಿಯಲ್ಲಿ ಸಿಕ್ಕಿದ್ದು ಊಟವಾದ ಮೇಲೆ ಬಾಳೆಹಣ್ಣು ಸಿಕ್ಕರೆ ಚೆನ್ನಾಗಿತ್ತು ಎನ್ನುವಷ್ಟು ಹಂಬಲ.

"ಇದು ನಿಂದು. ಹಾಗಾದ್ರೆ ಅದು ಯಾರದು?"

ಹುಡುಗಿಯ ಮುಖ ಬಿಳಿಚಿತು. "ಮೇಡಂ... ಅದು ಅಮ್ಮಿದು ಇರ್ಬೇಕು."

"ನಿಮ್ಮ ತಾಯಿ ಯಾಕೆ ಕೂತ್ರು?"

"ನಾನು ಚಿಕ್ಕೋಳಿದ್ದಾಗಿಂದ್ಲೂ ಅವರು ಹಂಗೇ. ಹಾಲು ಬಿಸಿ ಐತಾ ಅಂತ ಮೊದ್ಲು ಅವರೇ ನೋಡ್ಬೇಕು. ಹಲ್ಲಿನ ಡಾಕ್ಟರ್ ಕುರ್ಚಿಲೂ ಮೊದ್ಲು ಅವರೇ ಕುಂತಿದ್ರು. ಇಲ್ಲೂ, ಮಗಳ ತಲೆಗೆ ಕರೆಂಟ್ ಹೊಡೀತೈತೇನೋ ನಾನು ನೋಡ್ತೀನಿ ಅಂತ ಹಟ ಮಾಡಿದ್ರು. ಸೆಂಟರ್‌ನೋರು ಆಯ್ತು ಕುಂತ್ಕಳ್ರಿ ಅಂದ್ರು. ಎರಡು ಮಣಿ ಆದ್ವು. ಕವರಿಗೆ ಯಾವ್ದು ಹಾಕಿದ್ರೋ ನಾನು ನೋಡ್ಲಿಲ್ಲ."

ತಾಯಿ ಹೊರಗೆ ಹೊಂಗೆ ಮರದ ಕೆಳಗಿನ ಸಿಮೆಂಟ್ ಬೆಂಚಿನ ಮೇಲೆ ಕೂತಿದ್ದಳು. ಶಬೀನಾ, ವಯಸ್ಸು ನಲವತ್ತೊಂಬತ್ತು. ಪಕ್ಕದಲ್ಲಿ ಮೇಷ್ಟ್ರುಗಳಿಗೆಂದು ತಂದ ಮಂಡಕ್ಕಿ ಚೀಲ. ಮದುವೆಯಾದಂದಿನಿಂದ ಗಂಡನ ಮನೆಯ ಭಟ್ಟಿಯಲ್ಲಿ, ಕಾದ ಮರಳಿನಲ್ಲಿ ಮಂಡಕ್ಕಿ ಹುರಿಯುವುದೇ ಅವಳ ಕೆಲಸ. ವಿಷಯ ತಿಳಿದದ್ದೇ ಎದ್ದು ನಿಂತುಬಿಟ್ಟಳು.

"ನನ್ ತಪ್ಪಿಗೆ ಮಗೀಗೆ ಶಿಕ್ಷೆ ಕೊಡಬ್ಯಾಡ್ರಿ ಮೇಡಂ. ಅವಳಿಗೇನೂ ಗೊತ್ತಿಲ್ಲ."

"ಕೂತ್ಕೊಳ್ಳಿ. ಕುರ್ಚಿಯಲ್ಲಿ ಕೂತಾಗ ನೀವು ಏನು ಅಂದ್ಕೊಂಡ್ರಿ, ಅಷ್ಟು ಹೇಳಿ."

ಶಬೀನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕಿವ್ಯಾಗೆ ಕೇಳಿದ್ರು, ನಿನಗೆ ಏನು ಬೇಕು ಅಂತ. ಯಾರೂ ಕೇಳಿರ್ಲಿಲ್ಲ ಮೇಡಂ ನನ್ನ. ಮಶೀನ್ ತಾನೆ, ಯಾರಿಗೆ ಗೊತ್ತಾಗ್ತೈತೆ ಅಂತ ಮನಸ್ನಾಗೇ ಹೇಳ್ಬಿಟ್ಟೆ. ನಾನು ಪಿಯುಸಿ ಕಾಮರ್ಸ್. ಬಿಕಾಂ ಮಾಡ್ಬೇಕು ಅನ್ನೋದ್ರಾಗೆ ಮದ್ವೆ ಆತು. ನಮ್ ಮಂಡಕ್ಕಿ ಮಂಗಳೂರಿಗೆ ಹೋದ್ರೆ ಮೆತ್ತಗಾಗ್ತೈತೆ. ಅದು ಮಂಡಕ್ಕಿ ತಪ್ಪಾ, ಚೀಲದ್ದಾ, ಸಾಗಿಸೋರ್ದಾ? ಇಷ್ಟು ವರ್ಷದಿಂದ ತಲ್ಯಾಗೆ ಕೊರೀತೈತೆ. ಕ್ಲಾಸ್ನಾಗೆ ಕುಂತು, ಕೈ ಎತ್ತಿ, ಯಾರನ್ನಾದ್ರೂ ಕೇಳ್ಬೇಕು ಅನ್ನೋದೊಂದು ಆಸೆ. ಅಷ್ಟೇ."

ಸಮಿತಿ ಒಂದು ಗಂಟೆ ಚರ್ಚಿಸಿತು. ನಾಗಭೂಷಣರು ನಿಯಮದ ಪುಸ್ತಕವನ್ನು ಹಿಂದೆ ಮುಂದೆ ತಿರುವಿಹಾಕಿದರು. ಪದವಿಯಿಲ್ಲದೆ ಪ್ರವೇಶವಿಲ್ಲ. "ನನ್ನ ಸರ್ವಿಸ್ಸಿನಲ್ಲೇ ಇಂಥ ಅರ್ಜಿ ನೋಡಿಲ್ಲ," ಎಂದರು. "ಆದ್ರೆ ಇದು ಅರ್ಜಿಯೇ ಅಲ್ವಲ್ಲಮ್ಮ." ಇನಾಯಾಳ ಸ್ವಂತ ಮಣಿ ಅವಳನ್ನು ಇನ್ನೂರ ಹದಿಮೂರನೆಯ ಸ್ಥಾನಕ್ಕೆ ತಳ್ಳಿತು, ಇದ್ದದ್ದು ನೂರ ಎಂಬತ್ತು ಸೀಟು. ತಾಯಿಯ ಮಣಿ ತಪ್ಪಿ ಬಂದದ್ದು, ಅದನ್ನು ಆ ದಿನವೇ ಅಳಿಸಬೇಕು ಎಂದು ತೀರ್ಮಾನವಾಯಿತು.

ಅಳಿಸುವ ಕೆಲಸ ವಾರಿಜಾಳದು. ಮಣಿಯನ್ನು ಅಂಗೈಯಲ್ಲಿಟ್ಟುಕೊಂಡು ಹೊರಗೆ ಬಂದಾಗ ಮರದ ಕೆಳಗೆ ಮಗಳು ತಾಯಿಯ ಮೇಲೆ ರೇಗುತ್ತಿದ್ದಳು. ಎಲ್ಲದಕ್ಕೂ ಮೊದಲು ಹೋಗಿ ಕೂರಲು ನಿಮಗೆ ಯಾರು ಹೇಳಿದ್ದು ಎಂದು. ಶಬೀನಾ ತಲೆ ತಗ್ಗಿಸಿ, ಮಂಡಕ್ಕಿ ಚೀಲದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

"ಇದನ್ನ ಅಳಿಸೋಕೆ ಮುಂಚೆ ನಿಮ್ಮ ಮಗಳಿಗೆ ಒಂದು ಸಲ ಕೊಡಬಹುದಾ?" ಎಂದು ವಾರಿಜಾ ತಾಯಿಯನ್ನು ಕೇಳಿದಳು.

"ಅದ್ರಾಗೆ ಏನೈತೆ ಮೇಡಂ. ನೋಡ್ಲಿ ಬಿಡ್ರಿ."

ಇನಾಯಾ ಬೇಸರದಿಂದಲೇ ಮಣಿಯನ್ನು ಕಿವಿಯ ಹಿಂದೆ ಒತ್ತಿಕೊಂಡಳು. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಣಿ ತಣ್ಣಗಾದರೂ ತೆಗೆಯದೆ ತಾಯಿಯ ಮುಖವನ್ನೇ ನೋಡಿದಳು, ಮನೆಯಲ್ಲಿ ಇಷ್ಟು ವರ್ಷ ಇನ್ನೊಬ್ಬರೂ ಇದ್ದರೆಂದು ಆಗಷ್ಟೇ ಗೊತ್ತಾದವಳ ಹಾಗೆ. ಆಮೇಲೆ ಅವರಿಬ್ಬರೂ ಮನೆಮಾತು ಉರ್ದುವಿನಲ್ಲಿ ಮಾತಾಡಿದರು. ವಾರಿಜಾಗೆ ಅರ್ಥವಾದದ್ದು ಇಷ್ಟೇ.

"ಅಮ್ಮಿ, ನಿಮಗೆ ಏನು ಬೇಕಿತ್ತು?"

ಶಬೀನಾ ನಕ್ಕಳು. ಸೆರಗಿನಿಂದ ಮಗಳ ಕೆನ್ನೆ ಒರೆಸಿದಳು. "ಕೂತ್ಕೋ, ಹೇಳ್ತೀನಿ. ಹನ್ನೊಂದು ನಿಮಿಷ ಸಾಲೋದಿಲ್ಲ."

ವಾರಿಜಾ ಅಲ್ಲಿಂದ ಮೆಲ್ಲಗೆ ದೂರ ಸರಿದಳು. ತನ್ನ ಯಂತ್ರದ ಬಗ್ಗೆ ಅವಳಿಗೆ ಮೊದಲ ಬಾರಿ ನಾಚಿಕೆಯಾಯಿತು. ಅದು ಚೆನ್ನಾಗಿಯೇ ಕೇಳಿಸಿಕೊಂಡಿತ್ತು. ಆದರೆ ಅರ್ಜಿ ತುಂಬಿದವರಿಗಷ್ಟೇ ಅಲ್ಲಿ ಕುರ್ಚಿಯಿತ್ತು. ಆ ಪ್ರಶ್ನೆ ಕೇಳಲು ಜಾಲರಿ, ಹರಳು, ನರವಿಜ್ಞಾನ ಯಾವುದೂ ಬೇಕಿರಲಿಲ್ಲ. ಎದುರು ಕೂತು ಕೇಳುವ ಒಬ್ಬರಿದ್ದರೆ ಸಾಕಿತ್ತು. ಅದೂ ಮೂವತ್ತೆರಡು ವರ್ಷದ ಹಿಂದೆ, ಶಬೀನಾಗೆ ಹದಿನೇಳು ತುಂಬಿದಾಗ.

ಇಸವಿಯ ಲೆಕ್ಕ ಹಾಕಿದರೆ ಅದು ಎರಡು ಸಾವಿರದ ಇಪ್ಪತ್ತಾರು, ನಮ್ಮ ಈ ವರ್ಷ. ದಾವಣಗೆರೆಯ ಯಾವುದೋ ಕಾಲೇಜಿನಲ್ಲಿ, ಕಾಮರ್ಸ್ ತರಗತಿಯ ಮೂರನೆಯ ಬೆಂಚಿನಲ್ಲಿ ಶಬೀನಾ ಈಗ ಕೂತಿದ್ದಾಳೆ. ಇನ್ನೂ ಯಾರೂ ಅವಳನ್ನು ಕೇಳಿಲ್ಲ.