ಚೋಟು ಹಾಕದ ಹೊಲಿಗೆ

"ನಿಮ್ಮ ಕ್ಲಾಸಿನವರು ಹೊಲೀತಿರೋ ಆ ಗೊಂಬೆ ಕೈಗೆ ಸಿಕ್ಕರೆ ಸಿಕ್ಕ ಜಾಗದಲ್ಲೇ ಇಟ್ಟುಬಿಡಿ," ಎಂದರು ಹೊಲಿಗೆ ಟೀಚರ್.

ಹೊಸ ಟೀಚರ್‌ಗೆ ನಗು ಬಂತು. ಏಳನೇ ತರಗತಿಯನ್ನು ವಹಿಸಿಕೊಂಡು ಇನ್ನೂ ವಾರವಾಗಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಆಗ ಅವರಿಬ್ಬರೇ ಇದ್ದರು. ಹೊಲಿಗೆ ಟೀಚರ್ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದೇ ಮಾತಾಡುತ್ತಿದ್ದರು. ಮುಚ್ಚಿದ ಬಾಗಿಲ ಸಂದಿನಿಂದ ಬಂದಂತೆ ತುಟಿಯ ಒಂದೇ ಮೂಲೆಯಿಂದ ಮಾತು ಬರುತ್ತಿತ್ತು.

"ಗೊಂಬೆ ಬಾಯಿ ಹೊಲಿದ್ರೆ ಹುಡುಗಿ ಬಾಯಿ ಮುಚ್ಚುತ್ತೆ ಅಂತೀರಾ? ಹಾಗಿದ್ರೆ ನನಗೂ ಒಂದು ಮಾಡಿಕೊಡಿ. ನಮ್ಮತ್ತೆಗೆ ಬೇಕು."

ಹೊಲಿಗೆ ಟೀಚರ್ ನಗಲಿಲ್ಲ. "ಕ್ಲಾಸಿನ ಎಲ್ಲರೂ ಒಂದೊಂದು ಹೊಲಿಗೆ ಹಾಕಿದ ದಿನ ಕಟ್ಟು ಬೀಳುತ್ತೆ. ಒಬ್ಬಳು ಹಾಕದಿದ್ರೂ ಸಾಕು, ಬಾಯಿ ಉಳಿಯುತ್ತೆ. ಬಿಚ್ಚೋದಾದ್ರೆ ಹಾಕಿದವರು ತಾವಾಗೇ ಬಿಚ್ಚಬೇಕು. ಬಲವಂತ ಮಾಡಿದ್ರೆ ಬಿಚ್ಚಲ್ಲ, ಕಟ್ಟು ಎರಡಾಗುತ್ತೆ. ಇನ್ನೊಂದು ಬಲವಂತ ಮಾಡಿದವರಿಗೆ."

"ಯಾರು ಹೇಳಿದ್ದು ನಿಮಗೆ ಇದನ್ನೆಲ್ಲ?"

ಹೊಲಿಗೆ ಟೀಚರ್ ಕರವಸ್ತ್ರವನ್ನು ಇನ್ನಷ್ಟು ಒತ್ತಿ ಹಿಡಿದರು. "ನನ್ನ ಗೊಂಬೆಗೆ ಹಾಕಿದವರಲ್ಲಿ ಒಬ್ಬಳು ಮಾತ್ರ ಪಾಪ ಅಂತ ಆಮೇಲೆ ತಾನೇ ಬಂದು ಬಿಚ್ಚಿದಳು. ಅದಕ್ಕೇ ಇಷ್ಟಾದರೂ ಮಾತಾಡ್ತೀನಿ."

ಹೊಸ ಟೀಚರ್ ಹಾಜರಿ ಪುಸ್ತಕ ಎತ್ತಿಕೊಂಡು ಹೊರಟರು. ವಯಸ್ಸಾದವರಿಗೆ ಏನು ಹೇಳುವುದು.

ಆ ತರಗತಿಯಲ್ಲಿ ಗದ್ದಲವಿರಲಿಲ್ಲ. ಮೊದಲ ದಿನ ಅದು ಶಿಸ್ತು ಎನಿಸಿತ್ತು. ಎರಡನೇ ದಿನ ಕಿಟಕಿ ಪಕ್ಕದ ಬೆಂಚು ಕಣ್ಣಿಗೆ ಬಿತ್ತು. ಅಲ್ಲಿ ಒಬ್ಬಳೇ ಹುಡುಗಿ. ಬಾಯಿ ತೆರೆದರೆ ನಿಲ್ಲಿಸದವಳೆಂದು ತರಗತಿ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿತ್ತು. ಲೀಡರ್ ಹುಡುಗಿಯ ಅಪ್ಪ ಮನೆ ಬಿಟ್ಟು ಹೋದ ಸುದ್ದಿಯನ್ನು ಊಟದ ಹೊತ್ತಿನಲ್ಲಿ ಎಲ್ಲರೆದುರು ಆಡಿಬಿಟ್ಟವಳು ಅವಳೇ. ಅಂದಿನಿಂದ ಅವಳ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಅವಳು ಏನು ಕೇಳಿದರೂ ಗೋಡೆಗೆ ಕೇಳಿದ ಹಾಗೆ. ಆಟದಲ್ಲಿ ಅವಳನ್ನು ಬೇಡ ಎನ್ನುತ್ತಿರಲಿಲ್ಲ, ಅವಳು ನಿಂತಿದ್ದಾಳೆ ಎಂಬುದೇ ಯಾರಿಗೂ ಕಾಣುತ್ತಿರಲಿಲ್ಲ.

ಟೀಚರ್ ಅವಳನ್ನು ಎಬ್ಬಿಸಿ ಪಾಠ ಓದಿಸಿದರು. ಧ್ವನಿ ನೆಲದಡಿಯಿಂದ ಬಂದಂತಿತ್ತು. ತುಟಿಗಳ ಅಂಚಿನಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆಗಳು.

"ಜೋರಾಗಿ ಓದಮ್ಮಾ."

"ಸ್ಟೇಷನ್ ಸಿಗ್ತಿಲ್ಲ ಮಿಸ್," ಎಂದಳು ಲೀಡರ್.

ಇಡೀ ತರಗತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿತು. ಚೋಟು ಮಾತ್ರ ನಗಲಿಲ್ಲ. ಕುಳ್ಳಗಿದ್ದುದಕ್ಕೆ ಅವಳಿಗೆ ಆ ಹೆಸರು. ಗಂಟೆ ಹೊಡೆದ ಮೇಲೆ ಅವಳು ಬಾಗಿಲ ಮರೆಗೆ ಸರಿದು ತನ್ನ ಡಬ್ಬಿಯ ಹಣ್ಣಿನಲ್ಲಿ ಅರ್ಧವನ್ನು ರೇಡಿಯೋ ಕೈಗಿಟ್ಟಳು. ಇಬ್ಬರೂ ಏನೋ ಪಿಸುಗುಟ್ಟಿದರು. ಟೀಚರ್ ಬೋರ್ಡ್ ಒರೆಸುತ್ತಿದ್ದರು. ನೋಡಲಿಲ್ಲ.

ಗೊಂಬೆ ಸಿಕ್ಕಿದ್ದು ಮರುದಿನ, ಹೊಲಿಗೆ ಕೋಣೆಯಲ್ಲಿ. ಅಳತೆಪಟ್ಟಿ ಹುಡುಕುತ್ತಾ ಟೀಚರ್ ಕೆಟ್ಟುಹೋದ ಮೆಷಿನ್ನಿನ ಡ್ರಾಯರ್ ಎಳೆದರು. ಮೆಷಿನ್ ಎಣ್ಣೆಯ ವಾಸನೆ, ಅದರ ಕೆಳಗೆ ಇನ್ನೊಂದು, ಬಹಳ ಹೊತ್ತು ಮುಚ್ಚಿಟ್ಟ ಬಾಯಿಯ ವಾಸನೆ. ಯೂನಿಫಾರ್ಮ್ ಬಟ್ಟೆಯ ಗೊಂಬೆ. ತಲೆಗೆ ಕೂದಲು ತುರುಕಿದ್ದರು. ಬಾಯಿಯಿರಬೇಕಾದಲ್ಲಿ ಕೆಂಪು ದಾರ. ಒಂದೊಂದು ಹೊಲಿಗೆ ಒಂದೊಂದು ಕೈಯದು, ಕೆಲವು ಸೊಟ್ಟ, ಕೆಲವು ಅಂದ. ಎಂಜಲು ಹಚ್ಚಿ ಹೊಸೆದ ದಾರ ಬಿಗಿದುಕೊಂಡಿತ್ತು. ತುದಿಯಲ್ಲಿ ಸೂಜಿ ನೇತಾಡುತ್ತಿತ್ತು.

ಮುಟ್ಟಿದರೆ ಬೆಚ್ಚಗಿತ್ತು.

ಬಿಸಿಲು ಬಿದ್ದಿರಬೇಕು ಎಂದುಕೊಂಡರು. ಆ ಕೋಣೆಗೆ ಬಿಸಿಲು ಬರುತ್ತಿರಲಿಲ್ಲ. ಮಾಟವೂ ಇಲ್ಲ ಮಣ್ಣೂ ಇಲ್ಲ, ಇದು ಬರೀ ಕೊಬ್ಬು. ಇವತ್ತೇ ಇಳಿಸುತ್ತೇನೆ. ಸಿಟ್ಟಿನಲ್ಲಿ ಅವರಿಗೆ ಒಂದು ರೀತಿಯ ಹುರುಪೂ ಬಂದಿತ್ತು.

ಕೊನೆಯ ಪೀರಿಯಡ್. ಹೊರಗೆ ಮೋಡ ಕವಿದು ತರಗತಿ ಕತ್ತಲಾಗಿತ್ತು. ಒದ್ದೆ ಶೂಗಳ, ಸೀಮೆಸುಣ್ಣದ ವಾಸನೆ. ಟೀಚರ್ ಗೊಂಬೆಯನ್ನು ಮೇಜಿನ ಮೇಲಿಟ್ಟು ರೇಡಿಯೋಳನ್ನು ಅದರ ಪಕ್ಕ ನಿಲ್ಲಿಸಿದರು.

"ಒಬ್ಬೊಬ್ಬರೇ ಬನ್ನಿ. ನೀವು ಹಾಕಿದ್ದನ್ನ ನೀವೇ ತೆಗೀರಿ. ತೆಗೆದು ಇವಳಿಗೆ ಸಾರಿ ಹೇಳಿ. ಒಬ್ಬರನ್ನೂ ಬಿಡಲ್ಲ."

ರೇಡಿಯೋ ಅವರ ಕೈ ಹಿಡಿದಳು. ಅಂಗೈ ತಣ್ಣಗಿತ್ತು. "ಬೇಡ ಮಿಸ್. ಚೋಟುನ ಮಾತ್ರ ಕರೀಬೇಡಿ."

"ಹೆದರ್ಕೋಬೇಡಮ್ಮಾ. ನಾನಿದ್ದೀನಿ."

ಮೊದಲು ಬಂದವಳು ಲೀಡರ್. ಸೂಜಿಯ ಮೊನೆಯಿಂದ ತನ್ನ ಹೊಲಿಗೆ ಎತ್ತಿ ದಾರ ಕಿತ್ತಳು. "ಸಾರಿ ಕಣೇ," ಎಂದು ರೇಡಿಯೋಳ ಕೆನ್ನೆ ತಟ್ಟಿದಳು. ಹಿಂದೆಯೇ ಉಳಿದವರು. ಸಾರಿ ಕಣೇ. ಸಾರಿ ಕಣೇ. ಎಲ್ಲರಿಗೂ ಅದೇ ರಾಗ, ಅದೇ ನಗು. ಮೇಜಿನ ಮೇಲೆ ಕೆಂಪು ಎಳೆಗಳು ಗುಡ್ಡೆಯಾದವು. ಗೊಂಬೆಯ ಬಾಯಿ ಬರಿದಾಯಿತು. ಅದರ ಅಂಚಿಗೆ ಸಿಕ್ಕಿಕೊಂಡ ಒಂದೇ ಎಳೆಯಲ್ಲಿ ಸೂಜಿ ಮಾತ್ರ ನೇತಾಡುತ್ತಿತ್ತು. ನೋಡಿದಿರಾ, ಎಂದು ಟೀಚರ್ ಮನಸ್ಸಿನಲ್ಲೇ ಹೊಲಿಗೆ ಟೀಚರ್‌ಗೆ ಹೇಳಿದರು.

"ಮಿಸ್, ಚೋಟು ಬಂದಿಲ್ಲ," ಎಂದಳು ಲೀಡರ್. ಧ್ವನಿ ಮೆತ್ತಗಿತ್ತು. "ಒಬ್ಬರನ್ನೂ ಬಿಡಲ್ಲ ಅಂದ್ರಿ."

ಚೋಟು ಬೆಂಚಿಗೆ ಅಂಟಿಕೊಂಡು ಕೂತಿದ್ದಳು. "ನಾನು ಹಾಕಿಲ್ಲ ಮಿಸ್. ಹಾಕು ಹಾಕು ಅಂತ ದಿನಾ ಕಾಡಿದ್ರು. ಟಾಯ್ಲೆಟ್ಟಲ್ಲಿ ಕೂಡಿಹಾಕಿದ್ರು. ಆದ್ರೂ ಹಾಕಿಲ್ಲ."

"ಸುಳ್ಳು ಮಿಸ್. ಮೊದಲು ಹಾಕಿದ್ದೇ ಅವಳು," ಎಂದಳು ಇನ್ನೊಬ್ಬಳು.

"ಎಲ್ಲರಿಗೂ ಒಂದೇ ನ್ಯಾಯ. ಬಾ ಇಲ್ಲಿ."

"ಮಿಸ್, ಬೇಡ."

ಟೀಚರ್ ಅವಳ ರೆಟ್ಟೆ ಹಿಡಿದು ಎಳೆದುತಂದರು. ಪುಟ್ಟ ಬೆರಳುಗಳ ನಡುವೆ ಸೂಜಿ ಇಟ್ಟರು. ಮೇಲೆ ತಮ್ಮ ಕೈ ಮುಚ್ಚಿದರು. "ಉಳಿದ ಈ ಎಳೆ ನಿಂದೇ. ತೆಗಿ." ಚೋಟು ಕೈ ಹಿಂದಕ್ಕೆ ಜಗ್ಗಿದಳು. ಟೀಚರ್ ಮುಂದಕ್ಕೆ ಒತ್ತಿದರು. ರೇಡಿಯೋ ಕೂಗಿದಳು. ಸೂಜಿ ಜಾರಿತು. ಬಟ್ಟೆಯೊಳಗೆ ಇಳಿಯಿತು. ಆಚೆ ಹೊರಬಂತು. ಚೋಟು ಹಾಕದ ಹೊಲಿಗೆ ಬಿದ್ದಿತ್ತು.

ಕೂಗು ಅರ್ಧಕ್ಕೆ ನಿಂತಿತು.

ಮೇಜಿನ ಮೇಲಿನ ಎಳೆಗಳು ಮಿಸುಕಿದವು. ಹುಳಗಳ ಹಾಗೆ. ಒಂದೊಂದೇ ಗೊಂಬೆಯ ಮುಖಕ್ಕೆ ಹತ್ತಿದವು. ತಮ್ಮ ತಮ್ಮ ತೂತು ಹುಡುಕಿಕೊಂಡವು. ಸರಕ್. ಸರಕ್. ದಾರ ಬಿಗಿಯುವ ಸದ್ದು. ಬೇರೆ ಸದ್ದಿಲ್ಲ. ಹುಡುಗಿಯರು ಕೈಕಟ್ಟಿ ನೋಡುತ್ತಿದ್ದರು. ಯಾರೂ ಹೆದರಲಿಲ್ಲ. ರೇಡಿಯೋ ಎರಡೂ ಕೈಯಿಂದ ಬಾಯಿ ಬಿಡಿಸುತ್ತಿದ್ದಳು. ಬಿಡಲಿಲ್ಲ. ಚುಕ್ಕೆಯಿದ್ದಲ್ಲೆಲ್ಲ ರಕ್ತದ ಹನಿ.

ಚೋಟು ಅವಳತ್ತ ಒಂದು ಹೆಜ್ಜೆ ಇಟ್ಟಳು. ಲೀಡರ್ ಅವಳ ಹೆಗಲಿಗೆ ಕೈ ಹಾಕಿದಳು. "ಬಾರೇ. ನೀನೀಗ ನಮ್ಮವಳು." ಚೋಟು ಅತ್ತಳು. ಅಳುತ್ತಲೇ ಅವರ ನಡುವೆ ಹೋಗಿ ಕೂತಳು. ಇನ್ನೆಲ್ಲಿಗೆ ಹೋಗುವುದು ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಶಾಲೆ ಬಿಟ್ಟಾಗ ಗೇಟಿನಲ್ಲಿ ರೇಡಿಯೋಳ ತಾಯಿ ಕಾಯುತ್ತಿದ್ದರು. ಆಸ್ಪತ್ರೆಯಲ್ಲಿ ನರ್ಸ್, ಬಿಳಿ ಸೀರೆಯಲ್ಲೇ ಓಡಿಬಂದಿದ್ದರು. ಮಗಳ ಮುಖ ನೋಡಿ ಬಗ್ಗಿದರು.

"ಏನಾಯ್ತೇ? ಬಾಯಿ ಬಿಡು. ನನ್ನ ಹತ್ರ ಹೇಳಲ್ವಾ?" ತುಟಿ ಮುಟ್ಟಿ ಮುಟ್ಟಿ ನೋಡಿದರು. ಅವರ ಕಣ್ಣಿಗೆ ಗಾಯವೂ ಕಾಣಲಿಲ್ಲ, ದಾರವೂ ಕಾಣಲಿಲ್ಲ. ಟೀಚರ್ ಕಡೆ ತಿರುಗಿದರು. "ಏನಾಯ್ತು ಮಿಸ್? ನಿನ್ನೆ ಮನೇಲಿ ಹೇಳ್ತಿದ್ಲು, ಹೊಸ ಮಿಸ್ ಬಂದಿದ್ದಾರಮ್ಮಾ, ಎಲ್ಲ ಸರಿಮಾಡ್ತಾರೆ ಅಂತ. ಎಷ್ಟು ದಿನದ ಮೇಲೆ ಊಟ ಮಾಡಿದ್ಲು ಗೊತ್ತಾ?"

ನಾನೇ ಮಾಡಿದೆ, ಎಂದು ಹೇಳಬೇಕಿತ್ತು. ಚೋಟುವಿನ ಕೈ ಹಿಡಿದವಳು ನಾನು. ಟೀಚರ್ ಬಾಯಿ ತೆರೆಯಲು ಹೋದರು.

ತೆರೆಯಲಿಲ್ಲ.

ನಾಲಿಗೆಗೆ ದಾರದ ರುಚಿ ಹತ್ತಿತು. ಎಂಜಲಿನ ರುಚಿ, ಬೇರೆಯವರ ಎಂಜಲು. ಕೆಳತುಟಿ ಚುಚ್ಚಿತು. ಮೇಲ್ತುಟಿ ಚುಚ್ಚಿತು. ಸರಕ್. ಮೂಗಿನಲ್ಲಿ ಉಸಿರು ಸಿಕ್ಕಿಕೊಂಡಿತು.

"ಮಾತಾಡಿ ಮಿಸ್."

ಸರಕ್.

ತಾಯಿ ಅವರನ್ನೇ ನೋಡುತ್ತಾ ನಿಂತರು. ಆಮೇಲೆ ಅವರ ಮುಖ ಬದಲಾಯಿತು. "ನೀವೂ ಅವರ ಜೊತೆ ಸೇರ್ಕೊಂಡ್ರಾ?" ಎಂದರು. ಉತ್ತರಕ್ಕೆ ಕಾಯಲಿಲ್ಲ. ಮಗಳ ಕೈ ಹಿಡಿದು ರಸ್ತೆಗಿಳಿದರು.

ರೇಡಿಯೋ ತಿರುಗಿ ತಿರುಗಿ ನೋಡುತ್ತಾ ಹೋದಳು. ಟೀಚರ್ ತುಟಿಯ ಮೇಲೆ ಓಡುತ್ತಿದ್ದ ಕೆಂಪು ದಾರ ಆ ಜನಜಂಗುಳಿಯಲ್ಲಿ ಕಂಡಿದ್ದು ಅವಳೊಬ್ಬಳಿಗೇ. ಅಮ್ಮನ ಸೆರಗು ಜಗ್ಗಿದಳು, ಬೆರಳು ಮಾಡಿ ತೋರಿಸಿದಳು. ಅಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೇಳಲು ಅವಳಿಗೆ ಬಾಯಿಯಿರಲಿಲ್ಲ.