ಮಗ್ಗ ನಿಂತರೆ ಏಳುವ ಮಗು

ಅವಿನಾಶಿಯಪ್ಪನ ಮೇಲೆ ಆಣೆ, ಇದರಲ್ಲಿ ಒಂದು ಎಳೆಯೂ ಸುಳ್ಳಿಲ್ಲ. ನಂಬಲಾಗದ ಕಡೆ ಇನ್ನೂ ಹೆಚ್ಚು ನಿಜ.

ಅವಿನಾಶಿ ಪಕ್ಕದ ಹಳ್ಳಿಯಲ್ಲಿ ಅಂಗಮ್ಮನ ಮನೆ. ಪವರ್‌ಲೂಮ್ ಓಡತೊಡಗಿದರೆ ಗೋಡೆಯ ಹಲ್ಲಿ ಹಿಡಿತ ತಪ್ಪಿ ಸಾಂಬಾರಿಗೆ ಬೀಳುತ್ತಿತ್ತು. ಮನೆಯವರೆಲ್ಲ ಕೈಸನ್ನೆಯಲ್ಲೇ ಮಾತಾಡುವುದು. ಆ ಗದ್ದಲದಲ್ಲೂ ಮೊಮ್ಮಗ ಚೆನ್ನಕೇಶವನ್ ತೊಟ್ಟಿಲಲ್ಲಿ ಹಾಯಾಗಿ ಮಲಗುತ್ತಿದ್ದ. ಕರೆಂಟು ಹೋಗಿ ಮಗ್ಗ ನಿಂತರೆ ಮಾತ್ರ ಎದ್ದು ಅಳುತ್ತಿದ್ದ. ತೀರಿಹೋದ ತಾತನ ಹೆಸರು, ತಾತನದೇ ನಿದ್ದೆ ಎಂದು ಅಂಗಮ್ಮ ಊರಿಗೆಲ್ಲ ಸಾರಿದ್ದಳು.

ಸೊಸೆ ವಿನೋದಿನಿಗೂ ಅದು ಹೆಮ್ಮೆಯೇ ಆಗಿತ್ತು... ಇವತ್ತು ಬೆಳಗಿನ ತನಕ.

ಬಾಲವಾಡಿಯಲ್ಲಿ ತಾಯಂದಿರ ಕೂಟವಿತ್ತು. ಮಕ್ಕಳನ್ನು ಮಾತಾಡಿಸುವುದು, ಆಡಿಸುವುದು ಹೇಗೆಂದು ಕಲಿಸುವ ತೆನ್ಮೊಳಿ, ಖಾಲಿ ಬಾಟಲಿಗೆ ಹುಣಸೆಬೀಜ ತುಂಬಿಸಿ ಎಲ್ಲರ ಕೈಲೂ ಗಿಲಕಿ ಮಾಡಿಸಿದಳು. ಮಕ್ಕಳ ಬೆನ್ನ ಹಿಂದೆ ಕೂತು ಅಲ್ಲಾಡಿಸಬೇಕು. ಎಲ್ಲ ಮಕ್ಕಳೂ ತಿರುಗಿದವು. ಕೇಶವನ್ ಮಾತ್ರ ಇರುವೆ ನೋಡುತ್ತಲೇ ಇದ್ದ. ವಿನೋದಿನಿ ಮುಚ್ಚಳ ಹಾರುವಷ್ಟು ಜೋರಾಗಿ ಅಲ್ಲಾಡಿಸಿದಳು, ಅವನು ತಿರುಗಲಿಲ್ಲ. ಬೇಗ ಕೋಯಮತ್ತೂರಿಗೆ ಕರೆದೊಯ್ದು ಕಿವಿ ತೋರಿಸು, ತಡವಾದಷ್ಟೂ ಮಾತು ಬರುವುದು ಕಷ್ಟ ಎಂದು ತೆನ್ಮೊಳಿ ಮೆಲ್ಲಗೆ ತಮಿಳಿನಲ್ಲಿ ಹೇಳಿದಳು.

"ಮಗ್ಗ ನಿಂತ್ರೆ ಎದ್ಬಿಡ್ತಾನಲ್ಲಮ್ಮಾ, ಕೇಳ್ದೇನೇ ಏಳ್ತಾನಾ?" ಎಂದಳು ಅಂಗಮ್ಮ.

ವಿನೋದಿನಿ ತೊಟ್ಟಿಲ ಹಗ್ಗ ಹಿಡಿದಳು. ಮಗ್ಗದ ನಡುಕ ಅಂಗೈಗೆ ಇಳಿಯಿತು. ಇಷ್ಟು ದಿನ ಮಗನನ್ನು ಮಲಗಿಸಿದ್ದು ಸದ್ದಲ್ಲ, ಈ ನಡುಕ...

"ಈಗಲೇ ಆಸ್ಪತ್ರಿಗೆ ಹೋಗ್ತೀನಿ ಅತ್ತೆ."

"ಇಂದುಜಾ ಕಲ್ಯಾಣ ಮುಗೀಲಿ. ಕಿವುಡರ ಮನೆ ಅಂತ ಹೆಸ್ರು ಬಂದ್ರೆ ನನ್ನ ಮಗಳನ್ನ ಯಾರು ಕಟ್ಕೋತಾರೆ?"

"ಯಾವಾಗ ಕಲ್ಯಾಣ?"

"ಮೊದ್ಲು ಗಂಡು ಸಿಗ್ಲಿ. ಅವಸರ ಯಾಕಮ್ಮಾ? ನಿಮ್ಮ ಮಾವನೂ ಹಿಂಗೇ. ಸಿಡ್ಲು ಹೊಡ್ದು ತೆಂಗಿನಮರ ಅವರ ಮಂಚದ ಪಕ್ಕಾನೇ ಬಿತ್ತು, ಊರೆಲ್ಲಾ ಓಡಿಬಂತು. ಅವರು ಮಗ್ಗಲು ಬದಲಾಯ್ಸಿ ಮಲಗಿದ್ರು."

ಕೇಳಿದಾಗಲೆಲ್ಲ ನಕ್ಕಿದ್ದ ಕಥೆ. ಇವತ್ತು ವಿನೋದಿನಿಗೆ ಬೆನ್ನಹುರಿ ತಣ್ಣಗಾಯಿತು. ಮದುವೆಯಾದ ಹೊಸದರಲ್ಲಿ ಮಾವನನ್ನು ಏನು ಕೇಳಿದರೂ ಉತ್ತರ ಅತ್ತೆಯಿಂದಲೇ ಬರುತ್ತಿತ್ತು. ಮಾವನ ದನಿ ಹೇಗಿತ್ತೆಂದು ಅವಳಿಗೆ ಗೊತ್ತೇ ಇಲ್ಲ.

"ಮಾವಂಗೂ ಕೇಳಿಸ್ತಿರ್ಲಿಲ್ಲ, ಅಲ್ವಾ ಅತ್ತೆ?"

ನೂಲು ಸುತ್ತುತ್ತಿದ್ದ ಅಂಗಮ್ಮನ ಕೈ ನಿಂತಿತು.

"ನಾನೇ ಕೇಳ್ತಿದ್ದೆ, ನಾನೇ ಹೇಳ್ತಿದ್ದೆ... ಬಾಳೆಲ್ಲಾ... ಅವರ್ಗೇನು ಕಮ್ಮಿ ಆಯ್ತು?"

ವಿನೋದಿನಿ ಮಗನನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನ ದಾರಿ ಹಿಡಿದಳು. ಮಗು ಅಮ್ಮನ ಹೆಗಲ ಮೇಲಿಂದ ಅಜ್ಜಿಯ ತುಟಿಗಳನ್ನೇ ನೋಡುತ್ತಿತ್ತು.

"ನಿಲ್ಲಮ್ಮಾ, ಇದು ಕಥೆಯಲ್ಲ, ಪೂರ್ತಿ ಕೇಳು. ಕೊನೇಗಾಲದಲ್ಲಿ ಒಂದಿನ ಇದೇ ಬಾಗ್ಲಲ್ಲಿ ನಿಂತು, ನನ್ನ ಹೆಸ್ರು ಕರೀಬೇಕು ಅಂತ ನಿಮ್ಮ ಮಾವ ಬಾಯಿ ತೆಗೆದ್ರು, ಆಗ ಅವರ ಬಾಯಿಂದ